ಪರದೆಯ ಮೇಲಿನ ಎರಡು ಸಾಲು

ಬಾಗಲಕೋಟೆಯ ಒಂದು ಪಾಲಿಟೆಕ್ನಿಕ್‌ನಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದ ವರ್ಷಗಳಲ್ಲಿ ನನಗೊಬ್ಬಳು ಗೆಳತಿ ಇದ್ದಳು. ‘ಇದ್ದಳು’ ಎಂದು ಬರೆದರೆ ತೀರಿಕೊಂಡಳೇನೋ ಎಂದು ಓದುವವರಿಗೆ ಅನ್ನಿಸಬಹುದು. ಹಾಗೇನಿಲ್ಲ. ಆರೋಗ್ಯವಾಗಿದ್ದಾಳೆ, ಅದೇ ವಿಭಾಗದ ಮುಖ್ಯಸ್ಥೆಯಾಗಿದ್ದಾಳೆ, ಸಮಾರಂಭಗಳಲ್ಲಿ ಚೆನ್ನಾಗಿ ಮಾತಾಡುತ್ತಾಳೆ ಎಂದೂ ಕೇಳುತ್ತೇನೆ. ನಮ್ಮ ನಡುವೆ ಮಾತು ನಿಂತಿದೆ, ಅಷ್ಟೆ. ಅದು ನಿಂತದ್ದು ಪರದೆಯ ಮೇಲೆ ಬಂದ ಎರಡು ಸಾಲುಗಳಿಂದ.

ನಾನು ಇಳಕಲ್‌ನಿಂದ ಹುನಗುಂದ, ಅಮೀನಗಡ ದಾಟಿ ಬಸ್ಸಿನಲ್ಲಿ ಬರುತ್ತಿದ್ದೆ. ಅವಳು ಬಾದಾಮಿಯಿಂದ ರೈಲಿನಲ್ಲಿ. ಮೊದಲ ಗಂಟೆಗೆ ಮುಂಚೆ ಇಬ್ಬರೂ ಸ್ಟಾಫ್‌ ರೂಮಿನಲ್ಲಿ ಡಬ್ಬಿ ಬಿಚ್ಚುತ್ತಿದ್ದೆವು. ನನ್ನ ಸಜ್ಜಿ ರೊಟ್ಟಿ ಅವಳಿಗೆ, ಅವಳ ಅತ್ತೆ ಕುಟ್ಟಿದ ಅಗಸಿ ಹಿಂಡಿ ನನಗೆ. ಅವಳಿಗೆ ಮಾತು ಸಲೀಸು, ನನಗೆ ಕೆಲಸ. ಯಾವ ಪಾಠ ಯಾರು ತೆಗೆದುಕೊಳ್ಳಬೇಕೆಂಬುದೂ ಹಾಗೆಯೇ ತಾನಾಗಿ ಹಂಚಿಕೆಯಾಗಿತ್ತು. ಒಬ್ಬರಿಗೊಬ್ಬರು ‘ಮೇಡಂ’ ಅನ್ನುವುದು ಬಿಟ್ಟುಹೋಗಿ ‘ನೀ’ ಅನ್ನುವುದು ಯಾವಾಗ ಬಂತೆಂದು ನೆನಪಿಲ್ಲ.

ನಮ್ಮ ಭಾಷೆ ಹುಟ್ಟಿದ್ದು ಆ ರೂಮಿನಲ್ಲೇ. ಭಾಷೆ ಎಂದರೆ ಪ್ರೋಗ್ರಾಮ್ ಬರೆಯುವ ಭಾಷೆ. ನಮ್ಮಲ್ಲಿಗೆ ಡಿಪ್ಲೊಮಾಕ್ಕೆ ಬರುವ ಮಕ್ಕಳಲ್ಲಿ ಬಹಳಷ್ಟು ಮಂದಿ ಕನ್ನಡ ಮಾಧ್ಯಮದವರು. ಲೆಕ್ಕದಲ್ಲಿ ಚುರುಕು, ಆದರೆ ತಪ್ಪು ಬಂದಾಗ ಯಂತ್ರ ಇಂಗ್ಲಿಷಿನಲ್ಲಿ ಗದರಿದರೆ ಕೈ ತೆಗೆದು ಕೂತುಬಿಡುತ್ತಿದ್ದರು. ‘ಮೇಡಂ, ಇದು ಏನ ಅಂತೈತ್ರಿ?’ ಎಂದು ಲ್ಯಾಬಿನಲ್ಲಿ ದಿನವಿಡೀ ಕೂಗು. ಒಂದು ದಿನ ಗೆಳತಿ ಡಬ್ಬಿ ಮುಚ್ಚುತ್ತ, ‘ಅದು ಅನ್ನೂದನ್ನ ಕನ್ನಡದಾಗ ಅನಿಸೂಣು ಬಾ’ ಅಂದಳು. ಹೀಗೆ ಶುರುವಾಯಿತು, ಹೈಸ್ಕೂಲಿನ ಮಕ್ಕಳೂ ಬರೆಯಬಹುದಾದ ಒಂದು ಸಣ್ಣ ಭಾಷೆ. ಅದರ ಪದಗಳೂ ಕನ್ನಡ, ತಪ್ಪಾದರೆ ಹೇಳುವ ಮಾತೂ ಕನ್ನಡ.

ವ್ಯಾಕರಣ ಅವಳದು. ಯಾವ ಪದ ಇರಬೇಕು, ವಾಕ್ಯ ಹೇಗೆ ಮುಗಿಯಬೇಕು, ಎಲ್ಲ ಅವಳ ತೀರ್ಮಾನ, ಮತ್ತು ಅದನ್ನು ಚೆಂದವಾಗಿಯೇ ಮಾಡಿದಳು. ನನ್ನ ಪಾಲಿಗೆ ಬಂದದ್ದು ಭಾಷೆ ಶುರುವಾಗುವ ಭಾಗ. ಕರಿ ಪರದೆಯ ಮೇಲೆ ಒಂದು ಸಾಲು ಟೈಪ್ ಮಾಡಿ ಎಂಟರ್ ಒತ್ತಿದ ಮೇಲೆ, ಮಗು ಬರೆದ ಪ್ರೋಗ್ರಾಮಿನ ಮೊದಲ ಮಾತು ಓಡುವ ತನಕ ಒಳಗೆ ಸಾಕಷ್ಟು ಕೆಲಸ ನಡೆಯುತ್ತದೆ. ಆ ಸಾಲಿನಲ್ಲಿ ಫೈಲಿನ ಹೆಸರು ಯಾವುದು, ಭಾಷೆಗೆ ಹೇಳಿದ ಸೂಚನೆ ಯಾವುದು, ಮಗುವಿನ ಪ್ರೋಗ್ರಾಮಿಗೆ ದಾಟಿಸಬೇಕಾದ ಮಾತು ಯಾವುದು ಎಂದು ಬೇರೆ ಮಾಡಬೇಕು. ಭಾಷೆಯ ಸಾಮಾನು ಇಟ್ಟ ಫೋಲ್ಡರ್ ಹುಡುಕಬೇಕು. ಫೈಲು ಸಿಗದಿದ್ದರೆ ಏನು ಹೇಳಬೇಕೋ ಹೇಳಿ ಮರ್ಯಾದೆಯಿಂದ ನಿಲ್ಲಬೇಕು. ಎಲ್ಲ ಸರಿಯಾಗಿದ್ದರೆ ಇದು ಯಾರ ಕಣ್ಣಿಗೂ ಬೀಳುವುದಿಲ್ಲ. ಕೆಟ್ಟಾಗ ಮಾತ್ರ ಮಾಡಿದವರ ನೆನಪಾಗುತ್ತದೆ.

ಮೊದಲ ತೊಡಕು ಹೆಸರಿನದೇ. ‘ಲೆಕ್ಕ’ ಎಂದು ಕನ್ನಡದಲ್ಲಿ ಹೆಸರಿಟ್ಟ ಫೈಲನ್ನು ಓಡಿಸು ಎಂದರೆ ನಮ್ಮ ಭಾಷೆಗೆ ಅದು ಬರೀ ಪ್ರಶ್ನಾರ್ಥಕ ಚಿಹ್ನೆಗಳಾಗಿ ತಲುಪುತ್ತಿತ್ತು. ಅಂಥ ಫೈಲೇ ಇಲ್ಲ ಅನ್ನುತ್ತಿತ್ತು. ಕನ್ನಡದ ಭಾಷೆ ಕನ್ನಡದ ಹೆಸರನ್ನೇ ಗುರುತಿಸುವುದಿಲ್ಲ ಎಂದರೆ ಎಂಥ ನಗೆಪಾಟಲು. ಬಸ್ಸಿನಲ್ಲಿ ಕೂತರೂ ಅದೇ ಯೋಚನೆ. ಕೊನೆಗೆ ತಿಳಿದದ್ದೇನೆಂದರೆ, ಕಂಪ್ಯೂಟರು ನಾವು ಟೈಪ್ ಮಾಡಿದ ಸಾಲನ್ನು ಎರಡು ರೂಪದಲ್ಲಿ ಇಟ್ಟುಕೊಂಡಿರುತ್ತದೆ. ಕೇಳದೇ ಕೈಗೆ ಬರುವುದು ಹಳೆಯ ಕಾಲದ ರೂಪ. ಅದರಲ್ಲಿ ಕನ್ನಡದ ಅಕ್ಷರಗಳಿಗೆ ಜಾಗವೇ ಇಲ್ಲ, ಆ ಜಾಗದಲ್ಲೆಲ್ಲ ಪ್ರಶ್ನೆ ಚಿಹ್ನೆ ಹಾಕಿ ಕೊಡುತ್ತದೆ. ಇನ್ನೊಂದನ್ನು ನಾವೇ ಕೇಳಿ ಇಸಿದುಕೊಳ್ಳಬೇಕು.

ಅದು ಸರಿಹೋದದ್ದು ಒಂದು ಭಾನುವಾರ, ಬಾದಾಮಿಯಲ್ಲಿ ಅವಳ ಮನೆಯಲ್ಲಿ. ರಜೆಯ ದಿನ ನಾನು ಗುಡೂರಿನ ಮೇಲೆ ಹಾಯುವ ಬಸ್ಸು ಹಿಡಿದು ಅವಳಲ್ಲಿಗೆ ಹೋಗುತ್ತಿದ್ದೆ. ಮಂಗಗಳ ಕಾಟಕ್ಕೆ ಅವರ ಮನೆಯ ಕಿಟಕಿಗಳಿಗೆಲ್ಲ ಜಾಳಿಗೆ ಹೊಡೆಸಿದ್ದರು. ಒಳಗೆ ಸೆಕೆ, ಫ್ಯಾನಿನ ಕೆಳಗೆ ನಾವಿಬ್ಬರು, ಎದುರಿಗೆ ಲ್ಯಾಪ್‌ಟಾಪು. ಕನ್ನಡದ ಹೆಸರಿನ ಫೈಲು ಮೊದಲ ಸಲ ಓಡಿ ಉತ್ತರ ಕೊಟ್ಟಾಗ ಅವಳು ಎದ್ದು ನನ್ನ ಎರಡೂ ಕೆನ್ನೆ ಹಿಡಿದು ಅಲ್ಲಾಡಿಸಿದಳು. ಅತ್ತೆಯನ್ನು ಅಡುಗೆಮನೆಯಿಂದ ಕರೆದು ತೋರಿಸಿದಳು. ಅವರು ಕೈ ಒರೆಸಿಕೊಳ್ಳುತ್ತ ಬಂದು ನೋಡಿ, ‘ಬರೇ ಒಂದ ಅಂಕಿ ಬಂದೈತಲ್ಲವಾ, ಇಷ್ಟಕ್ಕ ಮುಂಜಾನಿಂದ ಕುಂತೀರಿ?’ ಅಂದರು. ನಾವು ನಕ್ಕು ನಕ್ಕು ಸುಸ್ತಾದೆವು. ಆ ನಗುವನ್ನು ನಾನು ಸುಳ್ಳೆಂದು ಹೇಳಲಾರೆ. ಅದು ಖರೆಯೇ ಇತ್ತು, ಅದಕ್ಕೇ ಹೆಚ್ಚು ಹೊಟ್ಟೆ ಉರಿಯುತ್ತದೆ.

ಒಂದು ನಿಯಮ ನಾವಿಬ್ಬರೂ ಸೇರಿ ಮಾಡಿಕೊಂಡಿದ್ದೆವು. ಭಾಷೆ ಶುರುವಾಗುವಾಗ ತನ್ನದೇನೂ ಮಾತಾಡಬಾರದು. ಮಗು ‘ಬರೆ’ ಎಂದು ಹೇಳಿದ್ದನ್ನಷ್ಟೇ ಬರೆಯಬೇಕು. ಯಾಕೆಂದರೆ ಉತ್ತರವನ್ನು ಸದಾ ಕಣ್ಣೇ ಓದುವುದಿಲ್ಲ, ಕೆಲವೊಮ್ಮೆ ಇನ್ನೊಂದು ಪ್ರೋಗ್ರಾಮ್ ಓದುತ್ತದೆ. ಮಕ್ಕಳ ಉತ್ತರ ತಿದ್ದಲು ನಾವು ಅಂಥದ್ದೊಂದನ್ನು ಮಾಡಿಯೂ ಇದ್ದೆವು. ಅದು ಮಗುವಿನ ಪ್ರೋಗ್ರಾಮನ್ನು ಓಡಿಸಿ, ಬಂದ ಉತ್ತರವನ್ನು ಸರಿ ಉತ್ತರದೊಂದಿಗೆ ಅಕ್ಷರಕ್ಕೆ ಅಕ್ಷರ ಹೋಲಿಸಿ ಅಂಕ ಕೊಡುತ್ತಿತ್ತು. ಭಾಷೆಯ ಬಗ್ಗೆ ಯಾರಿಗಾದರೂ ತಿಳಿಯಬೇಕಿದ್ದರೆ ಸಾಲಿನಲ್ಲಿ ‘ಆವೃತ್ತಿ’ ಎಂದು ಕೇಳಲಿ, ಆಗ ನಮ್ಮ ಹೆಸರು ಹೇಳೋಣ ಎಂದು ಒಪ್ಪಿದ್ದೆವು. ಕೇಳಿದರೆ ಇಬ್ಬರ ಹೆಸರೂ ಬರುತ್ತಿತ್ತು. ಕೇಳುವವರು ಯಾರೂ ಇರಲಿಲ್ಲ.

ಆಮೇಲೆ ಶನಿವಾರಗಳಂದು ಹುನಗುಂದ, ಗುಡೂರು, ಐಹೊಳೆಯ ಹೈಸ್ಕೂಲುಗಳಿಗೆ ಹೋಗಿ ಮಕ್ಕಳಿಗೆ ಇದನ್ನು ಕಲಿಸತೊಡಗಿದೆವು. ಮೊದಮೊದಲು ಇಬ್ಬರೂ, ಬರಬರುತ್ತ ನಾನೊಬ್ಬಳೇ. ಐಹೊಳೆಯ ಶಾಲೆಯಲ್ಲಿ ಒಂಬತ್ತನೆಯ ತರಗತಿಯ ಒಬ್ಬಳು ಹುಡುಗಿ ಇದ್ದಳು. ಅವಳಪ್ಪ ಗುಡಿ ನೋಡಲು ಬಂದವರಿಗೆ ಗೈಡ್ ಆಗಿ ಓಡಾಡುತ್ತಿದ್ದ. ಒಂದು ದಿನ ಎಲ್ಲರಿಗೂ, ಸಾಲಿನಲ್ಲಿ ಕೊಟ್ಟ ಸಂಖ್ಯೆಗಳಲ್ಲಿ ದೊಡ್ಡದನ್ನು ಹುಡುಕುವ ಪ್ರೋಗ್ರಾಮ್ ಬರೆಯಲು ಹೇಳಿದೆ. ಎಲ್ಲರೂ ಬರೆದರು. ಈ ಹುಡುಗಿ ಕೈ ಎತ್ತಿ, ‘ಮೇಡಂ, ಯಾರರ ಏನೂ ಕೊಡದ ಓಡಿಸಿದ್ರ ಅದು ಏನ ಅನ್ನಬೇಕ್ರಿ?’ ಎಂದು ಕೇಳಿದಳು.

‘ನೀನ ಹೇಳ. ಏನ ಅನ್ನಬೇಕು?’

‘ಸಂಖ್ಯೆ ಕೊಡ್ರಿ ಅನ್ನಬೇಕ್ರಿ. ಸುಮ್ನ ಸೊನ್ನಿ ಬರದ್ರ ಸುಳ್ಳ ಹೇಳಿದಂಗ ಆಗ್ತೈತಿ.’

ಡಿಪ್ಲೊಮಾ ಮೂರನೆಯ ವರ್ಷದವರೂ ಕೇಳದ ಪ್ರಶ್ನೆ ಅದು. ನಾನು ಆ ಶಾಲೆಯ ವಿಜ್ಞಾನ ಮಾಸ್ತರರಿಗೆ, ಈ ಹುಡುಗಿಯನ್ನು ಬಿಡಬೇಡಿ ಎಂದು ಹೇಳಿ ಬಂದೆ.

ಆ ವರ್ಷ ಗೆಳತಿ ವಿಭಾಗದ ಮುಖ್ಯಸ್ಥೆಯಾದಳು. ಅವಳಿಗೆ ಪಿಎಚ್‌ಡಿ ಇತ್ತು, ನನಗಿರಲಿಲ್ಲ. ಅದರ ಬಗ್ಗೆ ನನಗೆ ಯಾವ ಕೊರಗೂ ಇಲ್ಲ ಎಂದರೆ ನಂಬುವವರು ಕಡಿಮೆ, ಆದರೂ ಹೇಳುತ್ತೇನೆ. ನನ್ನ ಕೊರಗು ಬೇರೆ. ಅವಳು ಡಬ್ಬಿಯನ್ನು ಈಗ ತನ್ನ ಕೋಣೆಯಲ್ಲೇ ಬಿಚ್ಚತೊಡಗಿದಳು. ಆಡಳಿತ ಮಂಡಳಿಯ ಅಧ್ಯಕ್ಷರು ಬಂದಾಗಲೆಲ್ಲ ನಮ್ಮ ಭಾಷೆಯ ಮಾತು ಬಂದು, ‘ನಮ್ಮ ಸಂಸ್ಥೆ ಮಾಡಿದ ಭಾಷೆ’ ಎಂದು ಅದರ ಹೆಸರು ಬದಲಾಯಿತು. ಸುತ್ತಲಿನ ಹೈಸ್ಕೂಲುಗಳಿಗೆಲ್ಲ ಒಂದು ಸ್ಪರ್ಧೆ ಇಡುವುದು, ಬಹುಮಾನ ಕೊಡುವುದು, ಪೇಪರಿನವರನ್ನು ಕರೆಯುವುದು ಎಂದು ತೀರ್ಮಾನವಾಯಿತು.

ಸ್ಪರ್ಧೆಗೆ ಸ್ವಲ್ಪ ಮುಂಚೆ ಅವಳು ನನ್ನನ್ನು ಕೋಣೆಗೆ ಕರೆಸಿದಳು.

‘ಭಾಷೆ ಚಾಲೂ ಆಗೂ ಮುಂದ ಎರಡ ಸಾಲ ಬರಲಿ’ ಅಂದಳು. ‘ಮ್ಯಾಲೆ ಸಂಸ್ಥೆ ಹೆಸರು, ಕೆಳಗ ಅಧ್ಯಕ್ಷರು ಮತ್ತ ವಿಭಾಗದ ಹೆಸರು.’

‘ಅದು ಉತ್ತರದಾಗ ಕೂಡ್ಕೊಂತೈತಿ. ನಾವ ಮಾಡಿದ ನಿಯಮ ಮರತಿ ಏನು?’

‘ನಿಯಮ ನಾವ ಮಾಡೇವಿ, ನಾವ ಬದಲ ಮಾಡಬಹುದು. ಮ್ಯಾಲಿನವರು ಕೇಳಾಕತ್ಯಾರ. ನಾ ಏನ ಹೇಳಲಿ ಅವರಿಗೆ?’

ಜಗಳವಾಡುವ ಬದಲು ನಾನು ಒಂದು ದಾರಿ ಹುಡುಕಿದೆ. ಉತ್ತರ ನೇರವಾಗಿ ಪರದೆಗೆ ಹೋಗುತ್ತಿದೆಯೋ ಅಥವಾ ಇನ್ನೊಂದು ಪ್ರೋಗ್ರಾಮಿನ ಕೈಗೆ ಹೋಗುತ್ತಿದೆಯೋ ಎಂಬುದನ್ನು ಶುರುವಿನಲ್ಲೇ ಕೇಳಿ ತಿಳಿಯಬಹುದು. ಪರದೆಗಾದರೆ ಆ ಎರಡು ಸಾಲು ಬರಲಿ, ಇಲ್ಲದಿದ್ದರೆ ಬೇಡ ಎಂದು ಒಂದು ಶರತ್ತು ಹಾಕಿ ಬರೆದುಕೊಟ್ಟೆ. ಅವಳ ಎದುರೇ ಓಡಿಸಿ ತೋರಿಸಿದೆ. ತಿದ್ದುವ ಪ್ರೋಗ್ರಾಮಿಗೆ ಹೆಸರುಗಳು ಹೋಗಲಿಲ್ಲ, ಕರಿ ಪರದೆಯ ಮೇಲೆ ಬಂದವು. ‘ಇಷ್ಟಾದ್ರ ಸಾಕು’ ಅಂದಳು. ನನಗೂ ಸಮಾಧಾನವಾಯಿತು. ಈ ಶರತ್ತು ಯಾಕೆ ಬೇಕು, ತೆಗೆದರೆ ಏನಾಗುತ್ತದೆ ಎಂದು ಮತ್ತೊಮ್ಮೆ ಬಿಡಿಸಿ ಹೇಳಿದೆ. ಅವಳು ಕಂಪ್ಯೂಟರ್ ಗೊತ್ತಿಲ್ಲದವಳೇನಲ್ಲ. ತಲೆಯಾಡಿಸಿದಳು.

ಸ್ಪರ್ಧೆಯ ದಿನ ಕಾಲೇಜಿಗೆ ತಳಿರು ತೋರಣ. ಲ್ಯಾಬುಗಳು ಎರಡು, ಒಂದು ಕೆಳಗೆ, ಒಂದು ಮಹಡಿಯ ಮೇಲೆ. ಬಾಗಲಕೋಟೆಯ ಶಾಲೆಗಳ ಮಕ್ಕಳು ಮೊದಲೇ ಬಂದು ಕೆಳಗಿನ ಲ್ಯಾಬಿನಲ್ಲಿ ಕೂತರು. ಹುನಗುಂದ, ಗುಡೂರು, ಐಹೊಳೆ ಕಡೆಯವರ ಬಸ್ಸು ತಡವಾಯಿತು. ಅವರನ್ನೆಲ್ಲ ಮೇಲಿನ ಲ್ಯಾಬಿಗೆ ಕಳಿಸಿದರು. ನನ್ನನ್ನು ಹಾಕಿದ್ದು ಕೆಳಗಿನದಕ್ಕೆ. ಮಕ್ಕಳು ಬರೆದು ಮುಗಿಸಿ ಊಟಕ್ಕೆ ಹೋದ ಮೇಲೆ, ಪ್ರತಿ ಕಂಪ್ಯೂಟರಿನಲ್ಲೂ ತಿದ್ದುವ ಪ್ರೋಗ್ರಾಮು ಓಡಿತು. ಅಂಕಗಳನ್ನು ಇಬ್ಬರು ಸಹಾಯಕರು ಒಟ್ಟುಮಾಡಿ ನೇರವಾಗಿ ವೇದಿಕೆಗೆ ಒಯ್ದರು.

ಬಹುಮಾನಗಳನ್ನು ಓದುವಾಗಲೇ ನನಗೆ ಏನೋ ಸರಿಯಿಲ್ಲ ಅನ್ನಿಸಿತು. ಮೊದಲು, ಎರಡು, ಮೂರು, ಸಮಾಧಾನಕರ, ಎಲ್ಲವೂ ಬಾಗಲಕೋಟೆ ಊರಿನ ಶಾಲೆಗಳಿಗೇ. ಐಹೊಳೆಯ ಹುಡುಗಿಯ ಹೆಸರು ಎಲ್ಲೂ ಇಲ್ಲ. ಇರಲಿ, ಒಂದು ದಿನ ಎಡವಿರಬಹುದು ಅಂದುಕೊಂಡೆ. ಆಮೇಲೆ ಅಧ್ಯಕ್ಷರು ಮೈಕು ಹಿಡಿದರು. ‘ಹಳ್ಳಿ ಕಡೆ ಮಕ್ಕಳು ಉತ್ಸಾಹದಿಂದ ಬಂದಾರ, ಸಂತೋಷ. ಆದ್ರ ಅವರೆಲ್ಲಾರ ಅಂಕ ಸೊನ್ನಿ ಬಂದಾವಂತ. ಬೇಜಾರ ಮಾಡ್ಕೋಬ್ಯಾಡ್ರಿ. ನೀವು ಇನ್ನೂ ಭಾಳ ಕಲೀಬೇಕಾಗೈತಿ’ ಅಂದರು. ಸಭೆಯಲ್ಲಿ ಸಣ್ಣಗೆ ನಗು ಎದ್ದಿತು.

ಎಲ್ಲರ ಅಂಕವೂ ಸೊನ್ನೆ. ಅಷ್ಟು ಸಾಕಾಯಿತು ನನಗೆ. ಮಹಡಿ ಹತ್ತಿ ಓಡಿದೆ. ಲ್ಯಾಬು ಖಾಲಿ ಇತ್ತು, ಕಂಪ್ಯೂಟರುಗಳು ಇನ್ನೂ ಚಾಲೂ ಇದ್ದವು. ಐಹೊಳೆಯ ಹುಡುಗಿ ಕೂತಿದ್ದ ಜಾಗ ಹುಡುಕಿ, ಅವಳ ಪ್ರೋಗ್ರಾಮನ್ನು ಓಡಿಸಿ ಉತ್ತರವನ್ನು ಒಂದು ಫೈಲಿಗೆ ಇಳಿಸಿದೆ. ಫೈಲು ತೆರೆದರೆ ಮೊದಲ ಸಾಲಿನಲ್ಲಿ ಸಂಸ್ಥೆಯ ಹೆಸರು. ಎರಡನೆಯದರಲ್ಲಿ ಅಧ್ಯಕ್ಷರ ಹೆಸರು, ವಿಭಾಗದ ಹೆಸರು. ಮೂರನೆಯ ಸಾಲಿನಲ್ಲಿ ಅವಳ ಉತ್ತರ. ಸರಿಯಾದ ಉತ್ತರ. ಪಕ್ಕದ ಕಂಪ್ಯೂಟರಿನಲ್ಲೂ ಹಾಗೇ, ಅದರ ಪಕ್ಕದ್ದರಲ್ಲೂ ಹಾಗೇ. ನಾನು ಹಾಕಿದ್ದ ಶರತ್ತು ಇರಲಿಲ್ಲ. ಯಾರೋ ತೆಗೆದಿದ್ದರು. ತಿದ್ದುವ ಪ್ರೋಗ್ರಾಮು ಅಧ್ಯಕ್ಷರ ಹೆಸರನ್ನು ಮಕ್ಕಳ ಉತ್ತರವೆಂದು ಓದಿ, ತಪ್ಪು ಎಂದು ಸೊನ್ನೆ ಹಾಕುತ್ತ ಹೋಗಿತ್ತು.

ಇಳಿದು ಬಂದಾಗ ಗೆಳತಿ ವೇದಿಕೆಯ ಪಕ್ಕದ ಪರದೆಯ ಹಿಂದೆ ಶಾಲು ಹಾರಗಳನ್ನು ಸರಿಮಾಡುತ್ತ ನಿಂತಿದ್ದಳು. ನಡೆದದ್ದನ್ನು ಹೇಳಿದೆ. ಅವಳ ಮುಖದ ಬಣ್ಣ ಇಳಿಯಿತು. ಅವಳಿಗೆ ತಕ್ಷಣ ಅರ್ಥವಾಯಿತು ಎಂಬುದರಲ್ಲಿ ನನಗೆ ಸಂಶಯವಿಲ್ಲ.

‘ಈಗ ಸುಮ್ನಿರು’ ಅಂದಳು. ‘ಎಲ್ಲಾರೂ ಕುಂತಾರ. ನಾಳೆ ನೋಡೂಣು.’

‘ನಾಳೆ ಆ ಮಕ್ಕಳು ಎಲ್ಲಿರ್ತಾರ? ಈಗ ಹೇಳು, ತಾಂತ್ರಿಕ ತೊಂದ್ರಿ ಆಗೇತಿ, ಮತ್ತ ತಿದ್ತೇವಿ ಅಂತ. ಅಷ್ಟ ಅಂದ್ರ ಸಾಕು.’

‘ಅಧ್ಯಕ್ಷರು ಮಾತಾಡಿ ಮುಗಿಸ್ಯಾರ. ಅವರ ಮಾತು ಸುಳ್ಳ ಅಂತ ನಾ ಹೆಂಗ ಹೇಳಲಿ?’

‘ನೀ ಹೇಳದಿದ್ರ ನಾ ಹೇಳ್ತೇನಿ.’

ಹೇಳಿಯೇ ಬಿಡಬೇಕೆಂದು ವೇದಿಕೆ ಹತ್ತಿದೆ. ವಂದನಾರ್ಪಣೆ ಮಾಡುವವರು ಮೈಕಿನ ಮುಂದೆ ಹಾಳೆ ಬಿಚ್ಚುತ್ತಿದ್ದರು. ನಾನು ಮೈಕಿಗೆ ಕೈ ಹಾಕಿ, ‘ಒಂದ ನಿಮಿಷ, ಮ್ಯಾಲಿನ ಲ್ಯಾಬಿನ ಅಂಕದಾಗ...’ ಎಂದು ಶುರು ಮಾಡಿದ್ದೆ. ಅಷ್ಟರಲ್ಲಿ ಹಿಂದಿನಿಂದ ಗೆಳತಿ ಬಂದು ನನ್ನ ತೋಳು ಹಿಡಿದಳು. ಗಟ್ಟಿಯಾಗಿ ಹಿಡಿದಿದ್ದಳು, ಮುಖದಲ್ಲಿ ಮಾತ್ರ ನಗು. ಮೈಕಿಗೆ ಬಾಗಿ, ‘ಕ್ಷಮಿಸಬೇಕು, ನಮ್ಮ ಮೇಡಂ ಅವರಿಗೆ ಬೆಳಗ್ಗೆಯಿಂದ ಆರಾಮಿಲ್ಲ, ಬಿ.ಪಿ. ಇಳಿದಿದೆ’ ಎಂದು ಇಡೀ ಸಭೆಗೆ ಕೇಳುವಂತೆ ಹೇಳಿದಳು. ಸಭೆಗೆ ಮಾತಾಡುವಾಗ ಅವಳ ಕನ್ನಡ ಹಾಗೆ ಪುಸ್ತಕದ ಕನ್ನಡವಾಗುತ್ತಿತ್ತು. ಇನ್ನೊಂದು ಕಡೆಯಿಂದ ಯಾರೋ ನನ್ನ ಬೆನ್ನಿಗೆ ಕೈ ಕೊಟ್ಟರು. ಎಲ್ಲರೂ ಅಯ್ಯೋ ಪಾಪ ಎಂಬಂತೆ ನೋಡುತ್ತಿದ್ದರು. ಬಿಡಿಸಿಕೊಂಡು ಚೀರಿದ್ದರೆ ಅವಳ ಮಾತೇ ಖರೆ ಅನ್ನಿಸುತ್ತಿತ್ತು. ಮೆಟ್ಟಿಲು ಇಳಿಸಿ ಒಂದು ಕೋಣೆಯಲ್ಲಿ ಕೂಡಿಸಿ ನನಗೆ ಗ್ಲುಕೋಸ್ ನೀರು ಕುಡಿಸಿದರು. ಹೊರಗೆ ರಾಷ್ಟ್ರಗೀತೆಗೆ ಎಲ್ಲರೂ ಎದ್ದು ನಿಂತ ಸದ್ದು ಕೇಳಿಸಿತು. ನಾನು ಹೊರಗೆ ಬರುವಷ್ಟರಲ್ಲಿ ಹಳ್ಳಿಯ ಮಕ್ಕಳ ಬಸ್ಸು ಹೋಗಿತ್ತು.

ಮರುದಿನ ಅವಳ ಕೋಣೆಗೆ ಹೋಗಿ ಬಾಗಿಲು ಮುಚ್ಚಿದೆ. ಅವಳು ಮುಚ್ಚುಮರೆ ಮಾಡಲಿಲ್ಲ.

‘ಹೌದು, ನಾನ ತಗದೇನಿ. ಹಿಂದಿನ ದಿನ ಸಂಜಿಮುಂದ ಅಧ್ಯಕ್ಷರು ಬಂದ್ರು. ಮ್ಯಾಲಿನ ಲ್ಯಾಬಿಗೆ ಕರಕೊಂಡ ಹೋದೆ. ಕಂಪ್ಯೂಟರಿನ್ಯಾಗ ಪ್ರೋಗ್ರಾಮ್ ಬರಿಯೂ ಕಿಟಕಿ ತಗದು ಓಡಿಸಿದ್ರ ಹೆಸರ ಬರಲಿಲ್ಲ. ನಮ್ಮ ಹೆಸರ ಎಲ್ಲೈತ್ರಿ ಅಂದ್ರು.’

ಬರದಿರುವುದೇ ಸರಿ. ಆ ಕಿಟಕಿಯೂ ಒಂದು ಪ್ರೋಗ್ರಾಮೇ. ಉತ್ತರ ಅದರ ಕೈಗೆ ಹೋಗಿ ಆಮೇಲೆ ಕಾಣುತ್ತದೆ, ನೇರ ಪರದೆಗಲ್ಲ. ಕರಿ ಪರದೆಯಲ್ಲಿ ಓಡಿಸಿ ತೋರಿಸಿದ್ದರೆ ಮುಗಿಯುತ್ತಿತ್ತು. ಅವಳು ಅಷ್ಟೂ ಮಾಡದೆ, ಅವರು ನಿಂತಿರುವಾಗಲೇ ಶರತ್ತು ಕಿತ್ತು ಹಾಕಿ ಹೊಸ ಪ್ರತಿಯನ್ನು ಮೇಲಿನ ಲ್ಯಾಬಿನ ಕಂಪ್ಯೂಟರುಗಳಿಗೆಲ್ಲ ಹಾಕಿಸಿದ್ದಳು. ಕೆಳಗಿನ ಲ್ಯಾಬಿಗೆ ಬೀಗ ಹಾಕಿತ್ತಂತೆ. ಹಾಗಾಗಿ ಅಲ್ಲಿ ಹಳೆಯದೇ ಉಳಿಯಿತು.

‘ಒಂದ ಮಾತ ನನಗ ಫೋನ್ ಮಾಡಬೇಕಿತ್ತು’ ಅಂದೆ.

‘ಮಾಡಿದ್ರ ಬ್ಯಾಡ ಅಂತಿದ್ದಿ.’

‘ಆರಾಮಿಲ್ಲ ಅಂತ ಯಾಕ ಹೇಳ್ದಿ?’

‘ಮತ್ತೇನ ಹೇಳಲಿ? ನೀ ಅಲ್ಲಿ ಬಾಯಿ ಬಿಟ್ಟಿದ್ರ ನಿನ್ನ ನೌಕರಿನೂ ಹೋಕ್ಕಿತ್ತು, ನಂದೂ ಹೋಕ್ಕಿತ್ತು. ನಿನ್ನ ಸಲುವಾಗಿನ ಹೇಳೇನಿ’ ಅಂದಳು. ಅದನ್ನು ಅವಳು ನಂಬಿದ್ದಳೆಂದು ಕಾಣುತ್ತದೆ. ಇದಕ್ಕಿಂತ ಸುಳ್ಳು ಹೇಳಿದ್ದರೆ ವಾಸಿಯಿತ್ತು.

ಆ ವಾರವೇ ವಿಭಾಗದ ಸಭೆ. ಐಹೊಳೆಯ ಮಾಸ್ತರರು ಫೋನ್ ಮಾಡಿ, ಒಂದು ಲ್ಯಾಬಿನವರೆಲ್ಲರಿಗೂ ಸೊನ್ನೆ ಬರುವುದು ಹೇಗೆ ಎಂದು ಪ್ರಿನ್ಸಿಪಾಲರನ್ನು ಕೇಳಿದ್ದರಂತೆ. ಸಭೆಯಲ್ಲಿ ಗೆಳತಿ ತಗ್ಗಿದ ದನಿಯಲ್ಲಿ, ಭಾಷೆ ಶುರುವಾಗುವ ಭಾಗದಲ್ಲಿ ದೋಷ ಉಳಿದಿತ್ತು ಅಂದಳು. ‘ಆ ಭಾಗ ಮೇಡಂ ಅವರು ನೋಡಿಕೊಳ್ಳುತ್ತಿದ್ದರು. ಉದ್ದೇಶಪೂರ್ವಕ ಅಲ್ಲ, ಕೆಲಸದ ಒತ್ತಡ ಇತ್ತು’ ಎಂದು ನನ್ನ ಪರವಾಗಿ ಎಂಬಂತೆ ಸೇರಿಸಿದಳು. ಶುರುವಾಗುವ ಭಾಗ ನನ್ನದೆಂದು ಎಲ್ಲರಿಗೂ ಗೊತ್ತಿತ್ತು. ಅಷ್ಟು ದಿನ ಯಾರೂ ಅದನ್ನು ಗಟ್ಟಿಯಾಗಿ ಹೇಳಿರಲಿಲ್ಲ, ಮೊದಲ ಸಲ ಹೇಳಿದ್ದು ಅಲ್ಲಿ. ನಾನು ಎದ್ದು ನಡೆದದ್ದನ್ನು ಇದ್ದಂತೆ ಹೇಳಿದೆ. ಅವಳು ಮೇಜು ನೋಡುತ್ತ ಕೂತಳು, ಹೌದೆನ್ನಲಿಲ್ಲ, ಇಲ್ಲವೆನ್ನಲಿಲ್ಲ. ಪ್ರಿನ್ಸಿಪಾಲರು, ‘ಆತು ಬಿಡ್ರಿ, ಇಬ್ಬರೂ ಹಳೇ ದೋಸ್ತಿಗಳು, ನಿಮ್ಮ ನಿಮ್ಮದು ಬಗೀಹರಿಸ್ಕೋರಿ’ ಎಂದು ಸಭೆ ಮುಗಿಸಿದರು. ನಮ್ಮ ನಮ್ಮದು ಎಂಬಂತೆ! ಮಕ್ಕಳ ಮಾತು ಅಲ್ಲಿಗೆ ನಿಂತುಹೋಯಿತು.

ಅಂಕಗಳನ್ನು ಆಮೇಲೆ ತಿದ್ದಿದರು. ಸುದ್ದಿಯಿಲ್ಲದೆ, ಕಾಲೇಜಿನ ವೆಬ್‌ಸೈಟಿನ ಯಾವುದೋ ಮೂಲೆಯಲ್ಲಿ ಹೊಸ ಪಟ್ಟಿ ಬಂತು. ಐಹೊಳೆಯ ಹುಡುಗಿಯ ಹೆಸರು ಎಲ್ಲರಿಗಿಂತ ಮೇಲಿತ್ತು. ಕೊಟ್ಟ ಬಹುಮಾನ ವಾಪಸು ಕೇಳುವುದು ಚೆನ್ನಾಗಿರುವುದಿಲ್ಲ ಎಂದು ಅದನ್ನು ಮುಟ್ಟಲಿಲ್ಲ. ಶಾಲೆಗಳಿಗೆ ಯಾರೂ ತಿಳಿಸಲಿಲ್ಲ.

ನಾನೇ ಒಂದು ಶನಿವಾರ ಬೆಳಿಗ್ಗೆ ಐಹೊಳೆಗೆ ಹೋದೆ. ಲ್ಯಾಪ್‌ಟಾಪಿನಲ್ಲಿ ಹುಡುಗಿಯ ಪ್ರೋಗ್ರಾಮನ್ನೂ ಸರಿಯಾದ ಭಾಷೆಯನ್ನೂ ಹಾಕಿಕೊಂಡಿದ್ದೆ. ಮಾಸ್ತರರು ನನ್ನನ್ನು ಕಂಡು ಎದ್ದು ನಿಂತರು, ಕುರ್ಚಿ ಕೊಟ್ಟರು, ಆದರೆ ಎಂದಿನ ಸಲಿಗೆ ಇರಲಿಲ್ಲ. ವಿಷಯ ಹೇಳಿದಾಗ, ‘ಅವತ್ತ ಬಸ್ಸಿನ್ಯಾಗ ಒಬ್ಬರೂ ಮಾತಾಡಲಿಲ್ರಿ ಮೇಡಂ. ಹಿಂಗ ನಗಸೂ ಸಲುವಾಗಿ ಕರೀಬಾರದಿತ್ತು’ ಅಂದರು. ಹುಡುಗಿಯನ್ನು ಕರೆಸಿದರು.

ಬಂದು ನಿಂತವಳು ಮೊದಲು ಕೇಳಿದ್ದು, ‘ಮೇಡಂ, ಅವತ್ತ ನಿಮಗ ಆರಾಮಿದ್ದಿಲ್ಲಂತಲ್ರಿ. ಈಗ ಆರಾಮ ಅದೀರ್ರಿ?’

ಆರಾಮ ಇದ್ದೇನೆ ಅಂದೆ. ಅವತ್ತೂ ಆರಾಮೇ ಇದ್ದೆ, ನಿನ್ನ ಉತ್ತರ ಸರಿ ಇದೆ ಎಂದು ಹೇಳಲು ಬಂದವಳನ್ನು ಸುಳ್ಳು ಹೇಳಿ ಇಳಿಸಿದರು ಅಂದೆ. ಅವಳು ನನ್ನನ್ನು ನೋಡಿದಳು, ಮಾಸ್ತರರನ್ನು ನೋಡಿದಳು. ದೊಡ್ಡವರು ತಮ್ಮ ತಮ್ಮಲ್ಲಿ ಏನೋ ಮಾಡಿಕೊಂಡಿದ್ದಾರೆ, ಅದರಲ್ಲಿ ತಾನು ಬೀಳಬಾರದು ಎಂದುಕೊಂಡ ಮುಖ ಅದು. ಲ್ಯಾಪ್‌ಟಾಪು ತೆರೆದು, ‘ಬಾ, ನಿನ್ನ ಪ್ರೋಗ್ರಾಮ್ ಓಡಿಸಿ ತೋರಸ್ತೇನಿ’ ಅಂದೆ.

‘ಬ್ಯಾಡ್ರಿ. ಅದು ಸರಿ ಐತಿ ಅಂತ ನನಗ ಗೊತ್ತೈತ್ರಿ’ ಅಂದಳು. ಆಮೇಲೆ, ‘ನಮ್ಮ ಅಪ್ಪಗ ಒಂದ ಸಲ ಹೇಳ್ತೀರೇನ್ರಿ? ಅವರು ಅವತ್ತ ಸಭಾದಾಗ ಇದ್ರು’ ಅಂದಳು.

ಅಪ್ಪನನ್ನು ಗುಡಿಗಳ ಹತ್ತಿರ ಹುಡುಕಿದೆವು. ಪ್ರವಾಸಿಗರ ಗುಂಪೊಂದರ ಮುಂದೆ ಮಾತಾಡುತ್ತಿದ್ದ. ಮುಗಿಯುವ ತನಕ ಕಾದು, ಎಲ್ಲ ಹೇಳಿದೆ. ಆತ ತಾಳ್ಮೆಯಿಂದ ಕೇಳಿ, ‘ಆತ್ರಿ ಮೇಡಂ, ನೀವು ಇಲ್ಲಿ ತನಕ ಬಂದ್ರಿ, ಭಾಳ ದೊಡ್ಡದು. ಆದ್ರ ಅಂದದ್ದು ಮೈಕಿನ್ಯಾಗ ಅಂದಾರ. ನೀವು ನನ್ನ ಕಿವಿಯೊಳಗ ಹೇಳಾಕತ್ತೀರಿ’ ಅಂದ. ಸಿಟ್ಟಿಲ್ಲದೆ ಅಂದ. ಮುಂದಿನ ಗುಂಪು ಕಾಯುತ್ತಿತ್ತು, ಕೈ ಮುಗಿದು ಹೋದ.

ಆ ವರ್ಷದ ಕೊನೆಗೆ ನಾನು ಅಲ್ಲಿಯ ಕೆಲಸ ಬಿಟ್ಟು ಇಳಕಲ್‌ನಲ್ಲೇ ಒಂದು ಕಾಲೇಜು ಸೇರಿದೆ. ಸಂಬಳ ಕಡಿಮೆ, ಬಸ್ಸಿನ ಓಡಾಟವಿಲ್ಲ. ಬೀಳ್ಕೊಡುಗೆಗೆ ಗೆಳತಿ ನನ್ನ ಬಗ್ಗೆ ಬಹಳ ಹೊತ್ತು ಮಾತಾಡಿದಳು. ಎಲೆಮರೆಯ ಕಾಯಿ ಎಂದು ಕರೆದಳು. ನಾನು ಒಂದೇ ಮಾತಿನಲ್ಲಿ ಧನ್ಯವಾದ ಹೇಳಿ ಕೂತೆ.

ಹೋದ ವರ್ಷ ಮಳೆಗಾಲದಲ್ಲಿ ಅವಳ ಫೋನ್ ಬಂತು. ಅವಳ ದನಿ ಕೇಳಿ ಬಹಳ ಕಾಲವಾಗಿತ್ತು. ಶಾಲೆಗಳಿಗೆ ಹೊಸ ಕಂಪ್ಯೂಟರುಗಳು ಬಂದಿವೆ, ಅವುಗಳಲ್ಲಿ ಭಾಷೆ ಶುರುವಾಗುತ್ತಲೇ ಏನೂ ಹೇಳದೆ ಮುಚ್ಚಿಕೊಳ್ಳುತ್ತದೆ ಅಂದಳು. ತಮ್ಮ ಹುಡುಗರಿಗೆ ತಿಳಿಯುತ್ತಿಲ್ಲ ಅಂದಳು.

‘ನೀ ಒಂದ ಸಲ ನೋಡಿದ್ರ ಆಗ್ತದ. ಮಕ್ಕಳ ಸಲುವಾಗಿ ಕೇಳಾಕತ್ತೇನಿ, ನನ್ನ ಸಲುವಾಗಿ ಅಲ್ಲ.’

ಅವಳು ಹೇಳುವಾಗಲೇ ನನಗೆ ಎಲ್ಲಿ ಕೆಟ್ಟಿರಬಹುದೆಂದು ಅಂದಾಜಾಗಿತ್ತು. ಭಾಷೆ ತನ್ನ ಸಾಮಾನಿನ ಫೋಲ್ಡರನ್ನು ಹುಡುಕುವ ಕಡೆ, ಹೊಸ ಯಂತ್ರಗಳಲ್ಲಿ ದಾರಿ ಬದಲಾಗಿರಬೇಕು. ಒಂದು ಮಧ್ಯಾಹ್ನದ ಕೆಲಸ.

‘ಮಾಡಿ ಕೊಡ್ತೇನಿ’ ಅಂದೆ. ‘ಒಂದ ಕೆಲಸ ಮಾಡು. ಐಹೊಳಿಗೆ ಹೋಗು. ಆ ಸಾಲಿ ಮಕ್ಕಳ ಮುಂದ, ಊರ ಮಂದಿ ಮುಂದ, ಅವತ್ತಿನ ಸೊನ್ನಿ ನಮ್ಮದು, ಮಕ್ಕಳದಲ್ಲ ಅಂತ ಹೇಳಿ ಬಾ. ಮೈಕ್ ಹಿಡದ ಹೇಳು.’

‘ಆ ಹುಡುಗಿ ಈಗ ಎಲ್ಲಿ ಅದಾಳೊ ಏನೊ. ಯಾರಿಗೂ ನೆನಪೂ ಇರೂದಿಲ್ಲ. ನೀ ಇನ್ನೂ ಅದನ್ನ ಹಿಡಕೊಂಡ ಕುಂತಿಯಲ್ಲ’ ಅಂದಳು.

‘ಹುಡುಗಿ ಗುಳೇದಗುಡ್ಡದಾಗ ಪಿಯುಸಿ ಓದಾಕತ್ತಾಳ, ಕಲಾ ವಿಭಾಗ’ ಅಂದೆ. ಮಾಸ್ತರರಿಂದ ತಿಳಿದಿತ್ತು. ಕಂಪ್ಯೂಟರ್ ಯಾಕೆ ತೆಗೆದುಕೊಳ್ಳಲಿಲ್ಲ ಎಂದು ಅವರು ಕೇಳಿದ್ದರಂತೆ. ಮನಸ್ಸಿಲ್ಲ ಅಂದಳಂತೆ. ಅದಕ್ಕೆ ಆ ದಿನವೇ ಕಾರಣ ಎಂದು ನಾನು ಆಣೆ ಮಾಡಿ ಹೇಳಲಾರೆ. ಕಾರಣವಲ್ಲ ಎನ್ನುವವರೂ ಆಣೆ ಮಾಡಿ ಹೇಳಲಾರರು.

ಗೆಳತಿ, ‘ವಿಚಾರ ಮಾಡು’ ಎಂದು ಫೋನ್ ಇಟ್ಟಳು. ಮತ್ತೆ ಮಾಡಲಿಲ್ಲ. ನಾನೂ ಮಾಡಲಿಲ್ಲ. ದೀಪಾವಳಿಯ ಹೊತ್ತಿಗೆ ಆ ಸಂಸ್ಥೆ ಹೊರಗಿನಿಂದ ಯಾವುದೋ ಇಂಗ್ಲಿಷ್ ಪ್ಯಾಕೇಜು ತರಿಸಿ ಶಾಲೆಗಳಿಗೆ ಹಾಕಿಸಿತೆಂದು ಮಾಸ್ತರರೇ ತಿಳಿಸಿದರು. ನಮ್ಮ ಭಾಷೆಯನ್ನು ಈಗ ಎಲ್ಲೂ ಓಡಿಸುವುದಿಲ್ಲ.

ಇದನ್ನು ಊಟದ ಹೊತ್ತಿಗೆ ನನ್ನ ಗಂಡನಿಗೆ ಹೇಳಿದೆ. ಅವರು ಗ್ರಾನೈಟ್ ಪಾಲಿಶ್ ಮಾಡುವ ಕಾರ್ಖಾನೆಯಲ್ಲಿ ಮ್ಯಾನೇಜರು, ಹೆಚ್ಚು ಮಾತಿನವರಲ್ಲ. ‘ಮಾಡಿ ಕೊಡಬೇಕಿತ್ತು ನೀ’ ಅಂದರು. ‘ಮಕ್ಕಳು ಏನ ಮಾಡ್ಯಾರ?’

‘ಮಕ್ಕಳ ಹೆಸರ ಹೇಳಿಕೊಂಡ ಎಲ್ಲಾರೂ ನನ್ನ ಕಡಿಂದನ ಕೆಲಸ ತಗೀತೀರಿ’ ಅಂದೆ. ‘ಅವಕ್ಕ ಒಂದ ಮಾತ ಹೇಳ್ರಿ ಅಂದ್ರ ಒಬ್ಬರೂ ಹೋಗೂದಿಲ್ಲ.’

ಅವರ ಮಾತೂ ಸರಿಯೇ ಇರಬಹುದು. ಹಾಗೆಂದು ಒಪ್ಪಿಕೊಂಡರೂ ನನ್ನ ಮನಸ್ಸು ಬದಲಾಗಲಿಲ್ಲ. ತಾಟು ತೊಳೆದಿಟ್ಟು, ಮರುದಿನದ ಪಾಠ ತಯಾರಿ ಮಾಡಲು ಕೂತೆ.